ತಿರುಗಿ ಬಂದ ನಲವತ್ತು ಕೇಬಲ್

ಫೆಬ್ರುವರಿಯ ಒಂದು ಸೋಮವಾರ ನಾವು ಗ್ರಾಹಕರಿಗೆ ಕಳಿಸಿದ್ದ ನಲವತ್ತು ಕೇಬಲ್‌ಗಳೂ ತಿರುಗಿ ಬಂದವು. ನಾವೇ ಕಟ್ಟಿದ ರಟ್ಟಿನ ಪೆಟ್ಟಿಗೆಯಲ್ಲಿ, ಒಂದೊಂದಕ್ಕೂ ಕೆಂಪು ಚೀಟಿ ಕಟ್ಟಿಸಿಕೊಂಡು ಬಂದವು. ಜೊತೆಗಿದ್ದ ಪತ್ರದಲ್ಲಿ ಎರಡೇ ವಾಕ್ಯಗಳಿದ್ದವು. ಕನೆಕ್ಟರ್ ಜೋಡಣೆಯಲ್ಲಿ ದೋಷವಿದೆ ಎಂಬುದು ಮೊದಲನೆಯದು. ನಿಮ್ಮ ಪರೀಕ್ಷಾ ವರದಿಗೂ ನಮ್ಮ ಅಳತೆಗೂ ತಾಳೆಯಾಗುತ್ತಿಲ್ಲ ಎಂಬುದು ಎರಡನೆಯದು. ಮೊದಲನೆಯ ವಾಕ್ಯ ಬೊಟ್ಟು ಮಾಡಿದ್ದು ಜೋಡಣೆ ಮಾಡಿದವರತ್ತ, ಎರಡನೆಯದು ನನ್ನತ್ತ. ನಲವತ್ತು ವರದಿಗಳ ಕೆಳಗೂ ನನ್ನ ಸಹಿ ಇತ್ತು.

ಎಂ.ಟೆಕ್ ಮುಗಿಸಿ ಪುಣೆ ಹತ್ತಿರದ ಭೋಸರಿಯ ಆ ಸಣ್ಣ ಕಂಪನಿಗೆ ಸೇರಿ ನನಗೆ ಒಂದೂವರೆ ವರ್ಷವಾಗಿತ್ತು. ರಾಡಾರ್ ಉಪಕರಣಗಳ ಒಳಗೆ ಕೂರುವ ಮೈಕ್ರೋವೇವ್ ಕೇಬಲ್‌ಗಳನ್ನು ನಾವು ತಯಾರಿಸುತ್ತಿದ್ದೆವು. ಇಂಥ ಕೇಬಲ್ಲಿನಲ್ಲಿ ಸಾಗುವುದು ಅಲೆ. ನಡುವಿನ ತಂತಿಗೂ ಹೊರಗಿನ ಲೋಹದ ಹೊದಿಕೆಗೂ ಮಧ್ಯೆ ಇರುವ ಜಾಗದಲ್ಲಿ ಅದು ಹೋಗುತ್ತದೆ, ಮತ್ತು ದಾರಿ ಉದ್ದಕ್ಕೂ ಒಂದೇ ತೆರನಾಗಿರಬೇಕೆಂದು ಬಯಸುತ್ತದೆ. ಕನೆಕ್ಟರಿನ ಪಿನ್ನು ಕೂದಲೆಳೆಯಷ್ಟು ಒಳಗೆ ಸರಿದು ಅಲ್ಲೊಂದು ಸಂದು ಉಳಿದರೆ ಸಾಕು, ಅಲೆಯ ಒಂದು ಪಾಲು ಮುಂದೆ ಹೋಗದೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹಾಗೆ ಹಿಂದಿರುಗಿದ್ದು ಎಷ್ಟು ಎಂದು ಅಳೆದು, ಬರೆದು, ಸಹಿ ಮಾಡುವುದು ನನ್ನ ಕೆಲಸವಾಗಿತ್ತು. ಅಳೆಯುವ ಯಂತ್ರಕ್ಕೆ ನೆಟ್‌ವರ್ಕ್ ಅನಲೈಸರ್ ಎಂದು ಹೆಸರು. ನಾವು ಬರೀ ಮಷೀನ್ ಎನ್ನುತ್ತಿದ್ದೆವು.

ಜೋಡಣೆ ಮಾಡುತ್ತಿದ್ದವರನ್ನು ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದರು. ತಂದೆಯ ಕಾಲಕ್ಕೆ ಬಿಜಾಪುರದ ಕಡೆಯಿಂದ ಬಂದು ಖಡಕಿಯಲ್ಲಿ ನೆಲೆನಿಂತ ಮನೆತನ. ಕಂಪನಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ ಆದದ್ದರಿಂದ ಅವರು ಬೇರೆಯವರ ಎದುರು ನನ್ನನ್ನು ಮೇಡಂ ಎಂದೂ, ನಾನೊಬ್ಬಳೇ ಇದ್ದಾಗ ತಂಗಿ ಎಂದೂ ಕರೆಯುತ್ತಿದ್ದರು. ಅವರ ಬಳಿ ಒಂದು ಕಾರ್ಡು ಇತ್ತು. ಗ್ರಾಹಕರೇ ಅವರ ಕೈಕೆಲಸವನ್ನು ಪರೀಕ್ಷಿಸಿ, ಈತ ಈ ಬಗೆಯ ಕನೆಕ್ಟರುಗಳನ್ನು ಬೆಸೆಯಬಹುದು ಎಂದು ಕೊಟ್ಟ ಅನುಮತಿ ಅದು. ಆ ಕಾರ್ಡಿಲ್ಲದವನು ಜೋಡಣೆಯ ಮೇಜಿನ ಮುಂದೆ ಕೂರುವಂತಿಲ್ಲ. ಒಮ್ಮೆ ರದ್ದಾದರೆ ಪುಣೆಯ ಬೇರಾವ ಕಂಪನಿಯೂ ಅವನಿಗೆ ಈ ಕೆಲಸ ಕೊಡುವುದಿಲ್ಲ. ನಿವೃತ್ತಿಗೆ ಅವರಿಗೆ ಇನ್ನು ಮೂರು ವರ್ಷಗಳಿದ್ದವು.

ನಾನು ಅನುಮಾನದ ಪ್ರಾಣಿ. ಯಾರಾದರೂ 'ಎಲ್ಲ ಸರಿ ಇದೆ' ಎಂದರೆ ನನಗೆ ಮೊದಲು ತೋಚುವುದು 'ಯಾರು ನೋಡಿದರು?' ಎಂಬ ಪ್ರಶ್ನೆ. ವಿಶ್ವವಿದ್ಯಾಲಯದಲ್ಲಿದ್ದಾಗ ಹಾಸ್ಟೆಲ್ಲಿನ ನೀರಿನ ಟ್ಯಾಂಕಿನಿಂದ ಹಿಡಿದು ಪ್ರಯೋಗಾಲಯದ ಖರೀದಿಯವರೆಗೆ ಎಲ್ಲಕ್ಕೂ ಅರ್ಜಿ ಬರೆದು ಉತ್ತರ ಕೇಳಿದವಳು. ಅಂಥವಳು ಆ ಸೋಮವಾರ ಕೆಂಪು ಚೀಟಿಗಳ ಮುಂದೆ ನಿಂತು ಮೊದಲು ಅನುಮಾನಿಸಿದ್ದು ಕಾಕಾರನ್ನು. ಮಷೀನನ್ನು ಅನುಮಾನಿಸಲಿಲ್ಲ. ಅದರ ನೆತ್ತಿಯ ಮೇಲೆ ಅಳತೆ ಸರಿಯಿದೆ ಎನ್ನುವ ಕ್ಯಾಲಿಬ್ರೇಷನ್ ಚೀಟಿ ಅಂಟಿಸಿತ್ತು, ಅವಧಿ ಇನ್ನೂ ಮುಗಿದಿರಲಿಲ್ಲ. ನನ್ನನ್ನು ನಾನು ಅನುಮಾನಿಸುವ ಯೋಚನೆಯಂತೂ ಹತ್ತಿರಕ್ಕೂ ಸುಳಿಯಲಿಲ್ಲ.

ಮಧ್ಯಾಹ್ನದ ಚಹಾದ ಹೊತ್ತಿಗೆ ಅವರ ಮೇಜಿನ ಡ್ರಾವರ್ ತೆರೆದೆ. ಹಾಗೆ ತೆರೆಯುವ ಅಧಿಕಾರ ನನಗಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ತಂಬಾಕಿನ ಡಬ್ಬಿಯೊಳಗೆ, ಉಗುರಿನಷ್ಟಗಲದ ಒಂದು ತಗಡಿನ ಚೂರು ಸಿಕ್ಕಿತು. ಅರದಿಂದ ಉಜ್ಜಿ ಉಜ್ಜಿ ನಯಗೊಳಿಸಿದ ಚೂರು. ಮೈಕ್ರೋಮೀಟರಿನಲ್ಲಿ ಹಿಡಿದು ಅಳೆದೆ. ಡ್ರಾಯಿಂಗಿನಲ್ಲಿ ಪಿನ್ನು ಎಷ್ಟು ಒಳಗಿರಬಹುದೆಂದು ಬರೆದಿತ್ತೋ, ಅದರ ಮಿತಿಗಿಂತ ಈ ಚೂರು ದಪ್ಪವಾಗಿತ್ತು. ಅಷ್ಟರಲ್ಲಿ ಕಾಕಾ ಲೋಟ ಹಿಡಿದು ಒಳಗೆ ಬಂದರು.

"ಕಾಕಾ, ಇದೇನ್ರಿ?"

"ತಗಡ."

"ತಗಡ ಅಂತ ನನಗೂ ಕಾಣಸ್ತದ. ಎದಕ್ಕ ಬೇಕಿದು?"

"ಪಿನ್ ಕೂಡಸೂ ಮುಂದ ಅಡ್ಡ ಇಡ್ತೀನಿ. ಅದು ಅಷ್ಟ ಒಳಗ ಕೂಡಬೇಕು."

"ಡ್ರಾಯಿಂಗ್‌ನ್ಯಾಗ ಹಂಗ ಅದ ಏನು?"

"ಡ್ರಾಯಿಂಗ್‌ನ್ಯಾಗ ಇಲ್ರಿ. ನಿಮ್ಮ ಮಷೀನ್‌ನ್ಯಾಗ ಅದ." ಅವರು ಚಹಾ ಹೀರಿ ನಕ್ಕರು. "ನಿಮ್ಮ ಮಷೀನ್ ಅಂದ್ರ ಅತ್ತಿ ಇದ್ದಂಗ, ತಂಗಿ. ಪುಸ್ತಕದಾಗ ಏನರ ಬರದಿರ್ಲಿ, ಅದರ ಬಾಯಿಗೆ ರುಚಿ ಹತ್ತೂ ಹಂಗ ಅಡಿಗಿ ಮಾಡ್ಬೇಕು. ಇಲ್ಲಂದ್ರ ತಾಟ ದೂಡ್ತದ."

ನನಗೆ ಮೈ ಉರಿಯಿತು. ದೇಶದ ರಾಡಾರಿನ ಒಳಗೆ ಕೂರುವ ವಸ್ತುವಿಗೆ ಕೈಯಾರೆ ಉಜ್ಜಿದ ತಗಡಿನ ಅಳತೆ. ಮೇಲೆ ಅತ್ತೆಯ ಹಾಸ್ಯ. ನಾನು ಚೂರನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟೆ. ಆ ಸಂಜೆಯೊಳಗೆ ಗುಣಮಟ್ಟ ವಿಭಾಗದ ಮುಖ್ಯಸ್ಥರಿಗೆ ಟಿಪ್ಪಣಿ ಬರೆದು ಕೊಟ್ಟೆ. ನಾಲ್ಕು ಪರಿಚ್ಛೇದಗಳ ಆ ಟಿಪ್ಪಣಿಯ ಬಗ್ಗೆ ನನಗೆ ಹೆಮ್ಮೆಯಿತ್ತು. ಹೊಣೆಗಾರಿಕೆ ಎಂಬ ಪದವನ್ನು ಅದರಲ್ಲಿ ಮೂರು ಸಲ ಬಳಸಿದ್ದೆ.

ಮುಖ್ಯಸ್ಥರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಮರಾಠಿಯವರು, ಸೌಮ್ಯ ಮಾತಿನವರು. ಟಿಪ್ಪಣಿಯನ್ನು ಓದಿ "ಛಾನ್! ಅಗದೀ ಮುದ್ದೇಸೂದ್" ಎಂದರು. ಚೆನ್ನಾಗಿದೆ, ವಿಷಯಕ್ಕೆ ತಕ್ಕಷ್ಟೇ ಬರೆದಿದ್ದೀಯ ಎಂಬ ಮೆಚ್ಚುಗೆ. ಮರುದಿನ ಹನ್ನೊಂದು ಗಂಟೆಯೊಳಗೆ ಗ್ರಾಹಕರಿಗೆ ಪತ್ರ ಹೋಯಿತು: ಕಾರಣ ಪತ್ತೆಯಾಗಿದೆ, ಜೋಡಣೆಗಾರನ ತಪ್ಪು, ಆತನ ಕಾರ್ಡನ್ನು ತಡೆಹಿಡಿಯಲಾಗಿದೆ. ಎರಡು ವಾರಗಳ ನಂತರ ಗ್ರಾಹಕರ ಪರೀಕ್ಷಾಲಯದಲ್ಲಿ ಸಭೆ. ಕಾರ್ಡನ್ನು ಕಾಯಂ ರದ್ದು ಮಾಡುವ ತೀರ್ಮಾನ ಅಲ್ಲಿ.

ನನ್ನನ್ನು ಚುಚ್ಚಿದ್ದು ಆ ವೇಗ. ಸಾಹೇಬರು ನನಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಪಿನ್ನು ಅಷ್ಟು ಒಳಗಿದ್ದರೆ ನಿನ್ನ ಪರೀಕ್ಷೆಯಲ್ಲಿ ಅದು ಯಾಕೆ ಸಿಕ್ಕಿಬೀಳಲಿಲ್ಲ ಎಂದು ಯಾವ ಮುಖ್ಯಸ್ಥನೂ ಮೊದಲು ಕೇಳಬೇಕು. ಕೇಳದೆ ಬಿಟ್ಟದ್ದು ನನ್ನ ಮೇಲಿನ ಕರುಣೆಯೋ, ಅಥವಾ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಕಾಯುತ್ತಿತ್ತೋ? ಸಾಹೇಬರು ಕೇಳದ ಆ ಮೊದಲ ಪ್ರಶ್ನೆಯನ್ನು ನಾನೇ ನನಗೆ ಕೇಳಿಕೊಂಡೆ.

ಕಾಕಾರನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದ್ದರು. ಟೇಪು ಕತ್ತರಿಸುತ್ತ ಕೂತಿದ್ದ ಅವರ ಬಳಿಗೆ ಹೋದೆ. ಅವರು ತಲೆಯೆತ್ತದೆ ಮಾತಾಡಿದರು.

"ಬರ್ರಿ ಮೇಡಂ. ಡಬ್ಬಿಗೆ ಟೇಪ್ ಹಚ್ಚಾಕೂ ಕಾರ್ಡ ಬೇಕಾಗ್ತದೇನು, ಕೇಳಾಕ ಬಂದೀರಿ?"

ಅಲ್ಲಿ ನಾವಿಬ್ಬರೇ ಇದ್ದೆವು. ಆದರೂ ಮೇಡಂ ಎಂದರು.

"ಕಾಕಾ, ಡ್ರಾಯಿಂಗ್ ಪ್ರಕಾರ ಯಾಕ ಮಾಡ್ಲಿಲ್ರಿ?"

"ಮಾಡಿದ್ನಲ್ಲ! ಮೂವತ್ತ ವರ್ಷ ಅದನ್ನ ಮಾಡೀನಿ. ನೀವ ಹೊಳ್ಳಿ ಕಳಸಿದ್ರಿ. ನೆಟ್ಟಗ ಕೂಡಸಿದ್ದ ಪಿನ್ ಫೇಲ್, ಮತ್ತ ಕೂಡಸಿದ್ರ ಮತ್ತ ಫೇಲ್. ಒಂದ್ಸಲ ಕೈ ತಪ್ಪಿ ಪಿನ್ ಒಳಗ ಹೋತು. ಇದು ಹೋತು ಅಂತ ನಾ ಅನ್ಕೊಂಡ್ರ, ನಿಮ್ಮ ಮಷೀನ್ ಭಾಳ ಛಲೋ ಅಂತು. ಅವತ್ತಿಂದ ಹಂಗ ಮಾಡೀನಿ." ಈಗ ತಲೆಯೆತ್ತಿದರು. "ದಸರಾಕ್ಕಿಂತ ಮೊದಲ ನಂದು ಒಂದರ ಕೇಬಲ್ ಹೊಳ್ಳಿ ಕಳಸೀರೇನು? ನಿಮ್ಮ ಕಾಗದ ತಗದು ನೋಡ್ರಿ. ಕಾಗದ ಭಾಳ ಬರೀತೀರಲ್ಲ."

ಕಾಗದ ತೆಗೆದು ನೋಡಿದೆ. ದಸರೆಯವರೆಗಿನ ಏಳು ತಿಂಗಳಲ್ಲಿ ಅವರ ಜೋಡಣೆಯೊಂದೂ ನಪಾಸಾಗಿರಲಿಲ್ಲ. ದಸರೆಯ ಮರುವಾರದಿಂದ ಹನ್ನೊಂದು ಕೇಬಲ್‌ಗಳು ನಪಾಸಾಗಿದ್ದವು. ನವೆಂಬರಿನ ಕೊನೆಯಿಂದ ಎಲ್ಲವೂ ಪಾಸು, ಮತ್ತು ಪಾಸಾದ ಬಗೆ ನೋಡಿ ನನಗೆ ಈಗ ಭಯವಾಯಿತು. ಹಿಂದಿರುಗಿದ ಅಲೆ ಬಹುತೇಕ ಇಲ್ಲವೇ ಇಲ್ಲ ಎನ್ನುವಂಥ ಅಂಕಿಗಳು. ಕನೆಕ್ಟರ್ ತಯಾರಿಸಿದವರೇ ಭರವಸೆ ಕೊಡದಷ್ಟು ಒಳ್ಳೆಯ ಅಂಕಿಗಳು. ಆಗ ಅವನ್ನು ಕಂಡು ನಾನು ಖುಷಿಪಟ್ಟಿದ್ದೆ. ಕೆಟ್ಟ ಸುದ್ದಿ ತಂದವರನ್ನೆಲ್ಲ ಅನುಮಾನಿಸಿದವಳು, ಒಳ್ಳೆಯ ಸುದ್ದಿಯನ್ನು ಒಂದು ದಿನವೂ ಅನುಮಾನಿಸಿರಲಿಲ್ಲ.

ನಪಾಸಾದ ಹನ್ನೊಂದರಲ್ಲಿ ಒಂದು, ನನ್ನ ಕೈಬರಹದ ಚೀಟಿಯೊಂದಿಗೆ, ಜೋಡಣೆಯ ಕೋಣೆಯ ಮೊಳೆಯಲ್ಲಿ ಇನ್ನೂ ತೂಗುತ್ತಿತ್ತು. ಅದನ್ನೂ, ತಿರುಗಿ ಬಂದ ನಲವತ್ತರಲ್ಲಿ ಒಂದನ್ನೂ ಚೀಲಕ್ಕೆ ಹಾಕಿಕೊಂಡು ಶನಿವಾರ ನಾನು ಓದಿದ ಕಾಲೇಜಿನ ಪ್ರಯೋಗಾಲಯಕ್ಕೆ ಹೋದೆ. ನನಗೆ ಪಾಠ ಹೇಳಿದ ಅಧ್ಯಾಪಕಿ ಅಲ್ಲಿನ ಯಂತ್ರಕ್ಕೆ ತಾವೇ ಕ್ಯಾಲಿಬ್ರೇಷನ್ ಮಾಡಿ ಕೊಟ್ಟರು. ನಾನು ನಪಾಸು ಮಾಡಿದ್ದ ಕೇಬಲ್ ನಿರ್ದೋಷಿಯಾಗಿತ್ತು. ನಾನು ಹೊಗಳಿ ಪಾಸು ಮಾಡಿದ್ದರಲ್ಲಿ ಅಲೆ ಕನೆಕ್ಟರಿನ ಬಾಯಿಯಲ್ಲೇ ತಿರುಗುತ್ತಿತ್ತು.

"ನಿಮ್ಮಲ್ಲಿ ಲೋಡ್ ಹೇಗಿದೆ?" ಎಂದು ಅವರು ಕೇಳಿದರು. ಬೇರೇನೂ ಕೇಳಲಿಲ್ಲ.

ಲೋಡ್ ಎಂದರೆ ಬೆರಳ ತುದಿಯಷ್ಟು ಚಿಕ್ಕ ಲೋಹದ ತುಂಡು. ತನ್ನೊಳಗೆ ಬಂದ ಅಲೆಯನ್ನೆಲ್ಲ ನುಂಗಿ ಏನನ್ನೂ ಹಿಂದಿರುಗಿಸದಂತೆ ಅದನ್ನು ಮಾಡಿರುತ್ತಾರೆ. ಪ್ರತಿ ಬೆಳಿಗ್ಗೆ ಅದನ್ನು ಮಷೀನಿನ ಬಾಯಿಗೆ ತಿರುಪಿ, ಸೊನ್ನೆ ಎಂದರೆ ಇದು ಎಂದು ಮಷೀನಿಗೆ ಕಲಿಸುತ್ತೇವೆ. ಆ ತುಂಡೇ ಕೆಟ್ಟು ಸ್ವಲ್ಪ ಅಲೆಯನ್ನು ಹಿಂದಿರುಗಿಸತೊಡಗಿದರೆ ಮಷೀನ್ ಅದನ್ನೂ ಸೊನ್ನೆ ಎಂದೇ ನಂಬುತ್ತದೆ. ಆಮೇಲೆ ನಿಜವಾಗಿ ಚೆನ್ನಾಗಿರುವ ಕೇಬಲ್ ಅದರ ಕಣ್ಣಿಗೆ ಕೆಟ್ಟದ್ದು. ಲೋಡಿನಲ್ಲಿರುವಂಥದೇ ಸಂದು ಯಾವ ಕೇಬಲ್ಲಿನಲ್ಲಿದೆಯೋ ಅದು ಪರಿಪೂರ್ಣ. ಕಾಕಾ ಮೂರು ತಿಂಗಳು, ತಮಗೇ ಗೊತ್ತಿಲ್ಲದೆ, ನಮ್ಮ ಕೆಟ್ಟ ಲೋಡಿನ ನಕಲನ್ನು ಅಪಾರ ಕೌಶಲದಿಂದ ಮಾಡಿದ್ದರು.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಕ್ಯಾಲಿಬ್ರೇಷನ್ ತುಂಡುಗಳ ಮರದ ಪೆಟ್ಟಿಗೆ ತೆರೆದು ಲೋಡನ್ನು ಭೂತಗನ್ನಡಿಯ ಕೆಳಗಿಟ್ಟೆ. ಬಾಯಿಯ ಅಂಚಿನಲ್ಲಿ, ಎರಡು ಲೋಹಗಳು ಸಂದಿಲ್ಲದೆ ಕೂಡಬೇಕಾದ ಉಂಗುರದ ಮೇಲೆ, ಒಣಗಿ ಹೆಪ್ಪುಗಟ್ಟಿದ ಒಂದು ಪದರ. ಕೆಂಪು, ಅಲ್ಲಲ್ಲಿ ಹಳದಿ. ಅರಿಸಿನ ಕುಂಕುಮ.

ದಸರೆಯ ಖಂಡೇನವಮಿಯ ದಿನ ನಮ್ಮಲ್ಲಿ ಎಲ್ಲ ಹತ್ಯಾರಗಳಿಗೂ ಪೂಜೆ. ಬೆಸೆಯುವ ಕಬ್ಬಿಣದಿಂದ ಹಿಡಿದು ಫೋರ್ಕ್‌ಲಿಫ್ಟಿನವರೆಗೆ ಚೆಂಡುಹೂವಿನ ಹಾರ. ಆ ಬೆಳಿಗ್ಗೆ ಸಾಹೇಬರು, ಇಡೀ ಕಂಪನಿಯ ಜೀವ ಇರುವುದು ಕ್ಯಾಲಿಬ್ರೇಷನ್ ಪೆಟ್ಟಿಗೆಯಲ್ಲಿ, ಅದನ್ನು ಮುಚ್ಚಿಟ್ಟು ಪೂಜಿಸಬಾರದು, ತೆರೆಯಿರಿ ಎಂದರು. ಹೆಂಗಸರು ಹಚ್ಚಿದರೆ ಶುಭ ಎಂದು ತಟ್ಟೆಯನ್ನು ಯಾರೋ ನನ್ನ ಕೈಗೆ ಕೊಟ್ಟರು. ನೀರಿನಲ್ಲಿ ಕಲಸಿದ ಅರಿಸಿನ, ಕುಂಕುಮ. ಚಿನ್ನದ ಲೇಪನ ಫೋಟೋದಲ್ಲಿ ಹೊಳೆಯಲೆಂದು ತುಂಡುಗಳ ರಕ್ಷಣಾ ಟೋಪಿಗಳನ್ನು ತೆಗೆದವಳು ನಾನು. ಒಂದೊಂದಕ್ಕೂ ಬೆರಳು ಹಚ್ಚಿದವಳು ನಾನು. ಮರುದಿನ ಹತ್ತಿಯಿಂದ ಒರೆಸಿ, ಸ್ವಚ್ಛವಾಯಿತೆಂದು ಟೋಪಿ ಹಾಕಿದವಳೂ ನಾನೇ. ಈ ತುಂಡುಗಳ ಬಾಯಿಯನ್ನು ಬರಿಬೆರಳಿನಿಂದ ಮುಟ್ಟಬಾರದೆಂದು ಪರೀಕ್ಷೆಯಲ್ಲಿ ಅರ್ಧ ಪುಟ ಬರೆದು ಪೂರ್ಣ ಅಂಕ ಪಡೆದಿದ್ದೆ. ಕಂಪನಿಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹುಡುಕಿದೆ. ಸಿಕ್ಕಿತು. ನನ್ನ ಕೈ, ನನ್ನ ಬಳೆ, ಲೋಡಿನ ಬಾಯಿ. ಕೆಳಗೆ ಹದಿನೇಳು ಜನರ ಕೈಮುಗಿದ ಚಿತ್ರ.

ಹೊಣೆಗಾರಿಕೆ ಎಂಬ ಪದ ಬರೆಯುವುದು ಎಷ್ಟು ಸುಲಭವಾಗಿತ್ತೆಂದು ಆಗ ತಿಳಿಯಿತು.

ಆದರೆ ನನ್ನ ಅನುಮಾನ ಅಲ್ಲಿಗೆ ನಿಲ್ಲಲಿಲ್ಲ, ನಿಲ್ಲಬಾರದಾಗಿತ್ತು ಕೂಡ. ಇಂಥ ತಪ್ಪು ಆಗುತ್ತದೆಂದೇ ನಿಯಮಪುಸ್ತಕದಲ್ಲಿ ಒಂದು ಕಟ್ಟಳೆಯಿದೆ: ಪ್ರತಿ ಶುಕ್ರವಾರ, ಬೇರೆಯಾಗಿಟ್ಟ ಎರಡನೇ ಲೋಡಿನಿಂದ ಮೊದಲನೆಯದನ್ನು ಪರೀಕ್ಷಿಸಬೇಕು. ಅದು ಗುಣಮಟ್ಟದ ಮುಖ್ಯಸ್ಥರ ಕೆಲಸ. ನನ್ನ ಬಳಿ ಆ ಲೋಡಿಟ್ಟ ಕಪಾಟಿನ ಕೀಲಿಯೂ ಇರಲಿಲ್ಲ. ಫೈಲು ತೆಗೆಸಿದೆ. ದಸರೆಯಿಂದೀಚೆಗಿನ ಎಲ್ಲ ಶುಕ್ರವಾರಗಳ ಮುಂದೆಯೂ 'ಸರಿ ಇದೆ' ಎಂದು ಬರೆದು ಸಹಿ ಮಾಡಿತ್ತು. ಎಲ್ಲವೂ ಒಂದೇ ಪೆನ್ನು, ಒಂದೇ ಓರೆ. ಆಮೇಲೆ ಇನ್ನೊಂದು ಕೀಲಿಯಿದ್ದ ಉಗ್ರಾಣದವನಿಂದ ಕಪಾಟು ತೆರೆಸಿದೆ. ಎರಡನೇ ಲೋಡಿನ ಪೊಟ್ಟಣ ತಯಾರಕರ ಮೊಹರಿನೊಂದಿಗೆ ಹಾಗೇ ಇತ್ತು. ಒಮ್ಮೆಯೂ ಒಡೆದಿರಲಿಲ್ಲ.

ಮೊಹರಿನ ಪೊಟ್ಟಣವನ್ನೂ ಫೈಲನ್ನೂ ಸಾಹೇಬರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ, ನನ್ನ ಬೆರಳಿನಿಂದ ಮೊದಲುಮಾಡಿ. ಅವರು ಬೇಸರಪಡಲಿಲ್ಲ. ಹೊಸ ಲೋಡ್ ತರಿಸೋಣ ಎಂದರು, ಸದ್ದಿಲ್ಲದೆ. ಕೇಬಲ್‌ಗಳನ್ನು ಮತ್ತೆ ಮಾಡಿಕೊಟ್ಟರಾಯಿತು.

"ಮತ್ತೆ ಕಾಕಾ?"

ಅವರು ಮರಾಠಿಯಲ್ಲಿ ಮೆಲ್ಲಗೆ ತಿಳಿಹೇಳಿದರು: ಗ್ರಾಹಕರಿಗೆ ಒಂದು ಕಾರಣ ಆಗಲೇ ಹೇಳಿಯಾಗಿದೆ. ಈಗ ಇನ್ನೊಂದು ಹೇಳಿದರೆ ನಮ್ಮ ಪ್ರಯೋಗಾಲಯದ ಮೇಲಿನ ನಂಬಿಕೆಯೇ ಹೋಗುತ್ತದೆ. ಕಾಕಾರಿಗೆ ಹೇಗೂ ವಯಸ್ಸಾಯಿತು, ಪ್ಯಾಕಿಂಗಿನಲ್ಲಿ ಆರಾಮ.

"ಈ ಶುಕ್ರವಾರಗಳ ಸಹಿ ಯಾರದು ಸರ್?"

"ಅಗಂ, ತೀ ಫಾರ್ಮಾಲಿಟೀ ಅಸತೇ," ಎಂದರು. ಅದೆಲ್ಲ ಬರೀ ಔಪಚಾರಿಕ, ಅಷ್ಟೂ ಗೊತ್ತಿಲ್ಲವೇ ಎನ್ನುವ ಧ್ವನಿ. ನಗುತ್ತಲೇ ಸೇರಿಸಿದರು: ಫೋಟೋದಲ್ಲಿರುವ ಕೈ ನಿನ್ನದು, ಯೋಚನೆ ಮಾಡು.

ಯೋಚನೆ ಮಾಡಲು ನನಗೆ ಎರಡು ದಿನ ಹಿಡಿಯಿತು ಎಂಬುದನ್ನು ಮುಚ್ಚಿಡಲಾರೆ. ಎರಡು ದಿನವೂ ಕಾಕಾ ಟೇಪು ಕತ್ತರಿಸುತ್ತಿದ್ದರು, ನಾನು ಆ ಬಾಗಿಲನ್ನು ತಪ್ಪಿಸಿ ಬೇರೆ ದಾರಿಯಿಂದ ಓಡಾಡಿದೆ. ಮೂರನೆಯ ದಿನ ಎರಡನೇ ಟಿಪ್ಪಣಿ ಬರೆದೆ. ಮೊದಲನೆಯದರಷ್ಟು ಸೊಗಸಾಗಿರಲಿಲ್ಲ. ಫೋಟೋ, ಕಾಲೇಜಿನ ಅಳತೆಗಳು, ಮೊಹರಿನ ಪೊಟ್ಟಣದ ಚಿತ್ರ, ಶುಕ್ರವಾರಗಳ ಹಾಳೆ, ಎಲ್ಲವನ್ನೂ ಲಗತ್ತಿಸಿ ಕಂಪನಿಯ ಮಾಲೀಕರಿಗೂ ಗ್ರಾಹಕರ ಪರೀಕ್ಷಾಲಯಕ್ಕೂ ಒಟ್ಟಿಗೆ ಕಳಿಸಿದೆ. ಒಟ್ಟಿಗೆ ಕಳಿಸಿದ್ದು ಶಿಸ್ತಿಗೆ ವಿರುದ್ಧ ಎಂದು ನನಗೆ ಗೊತ್ತಿತ್ತು. ಒಬ್ಬರಿಗೇ ಕಳಿಸಿದರೆ ಅದು ಎಲ್ಲಿ ನಿಲ್ಲುತ್ತದೆಂಬುದೂ ಗೊತ್ತಿತ್ತು.

ಸಭೆ ನಡೆದ ಪರೀಕ್ಷಾಲಯ ದೇಹೂ ರೋಡ್ ದಾಟಿ ಸ್ವಲ್ಪ ಮುಂದೆ. ಗ್ರಾಹಕರ ಕಡೆಯ ಹಿರಿಯ ಎಂಜಿನಿಯರ್ ನನ್ನ ಕಾಗದಗಳನ್ನೆಲ್ಲ ಓದಿ ಪಕ್ಕಕ್ಕಿಟ್ಟು, ಜೋಡಣೆಗಾರ ಎಲ್ಲಿ ಎಂದು ಕೇಳಿದರು. ಕಾಕಾ ಹೊರಗಿನ ಬೆಂಚಿನಲ್ಲಿದ್ದರು. ಅವರನ್ನು ಒಳಗೆ ಕರೆದು, ಕೇಬಲ್ಲು, ಕನೆಕ್ಟರು, ಬೆಸೆಯುವ ಕಬ್ಬಿಣ ಮುಂದಿಟ್ಟು, ಡ್ರಾಯಿಂಗಿನಲ್ಲಿರುವಂತೆ ಒಂದು ಜೋಡಣೆ ಮಾಡಿ ಎಂದರು. ಏಳು ಜನ ಸುತ್ತ ನಿಂತಿದ್ದರು. ಕಾಕಾ ಕನ್ನಡಕ ಒರೆಸಿದರು, ತಂತಿಯ ತುದಿಯನ್ನು ಎರಡು ಸಲ ಬೆಳಕಿಗೆ ಹಿಡಿದರು, ಪಿನ್ನು ಕೂಡಿಸಿ ಅದರ ನೆತ್ತಿಯ ಮೇಲೆ ಉಗುರು ಆಡಿಸಿ ನೋಡಿದರು. ಮೂರು ತಿಂಗಳು ತಪ್ಪನ್ನೇ ಅಭ್ಯಾಸ ಮಾಡಿಸಿದ ಕೈ ಅದು, ಮಾಡಿಸಿದವಳು ನಾನು.

ಅವರ ಮಷೀನಿನ ಪರದೆಯ ಮೇಲೆ ಹಿಂದಿರುಗುವ ಅಲೆಯ ಗೆರೆ ಕೆಳಗಿಳಿದು ಮಿತಿಗಿಂತ ಬಹಳ ಕೆಳಗೆ ನಿಂತಿತು. ಹಿರಿಯ ಎಂಜಿನಿಯರ್ ಇನ್ನೊಂದು ತುದಿಯನ್ನೂ ಮಾಡಿಸಿದರು. ಅದೂ ಹಾಗೇ. "ಈ ಮನುಷ್ಯನ ಕಾರ್ಡು ತಡೆಯಲು ನಮಗೆ ಕಾರಣವಿಲ್ಲ," ಎಂದು ಅಲ್ಲೇ ಬರೆಸಿದರು. ನನ್ನ ಸಹಿಯ ಅಧಿಕಾರವನ್ನು, ಮತ್ತೆ ತರಬೇತಿ ಪಡೆಯುವವರೆಗೆ, ಹಿಂತೆಗೆದುಕೊಳ್ಳಬೇಕೆಂದೂ ಬರೆಸಿದರು. ಅದು ನ್ಯಾಯವಾಗಿತ್ತು. ಶುಕ್ರವಾರಗಳ ವಿಷಯವನ್ನು ಕಂಪನಿ ತಾನೇ ವಿಚಾರಿಸಿಕೊಳ್ಳಲಿ ಎಂದರು.

ಕಂಪನಿ ವಿಚಾರಿಸಿಕೊಂಡ ಬಗೆ ಹೀಗೆ: ನಾಲ್ಕು ದಿನಗಳ ನಂತರ ಕಾಕಾರ ಕಾರ್ಡನ್ನು ಒಂದು ಲಕೋಟೆಯಲ್ಲಿ ಹಾಕಿ ಗೇಟಿನ ಕಾವಲುಗಾರನ ಕೈಲಿ ಕಳಿಸಿದರು. ಪತ್ರವಿಲ್ಲ, ಒಂದು ಸಾಲಿಲ್ಲ. ಕಾಕಾ ಲಕೋಟೆಯನ್ನು ಹಿಡಿದು ನೇರ ನನ್ನ ಬಳಿಗೆ ಬಂದರು.

"ಇದನ್ನ ಒಯ್ದು ಸಾಹೇಬರಿಗೆ ಹೊಳ್ಳಿ ಕೊಡ್ರಿ. ತಗೊಳ್ಳೂ ಮುಂದ ಕಾಗದ ಕೊಟ್ಟಿದ್ರು. ಕೊಡೂ ಮುಂದನೂ ಕಾಗದ ಬೇಕು. ಯಾಕ ತಗೊಂಡಿದ್ವಿ, ಯಾರ ತಪ್ಪಿತ್ತು, ಹೆಸರು ಹಾಕಿ ಬರೀರಿ ಅನ್ರಿ. ಇಲ್ಲಂದ್ರ ನಾ ಕಬ್ಬಿಣ ಮುಟ್ಟಂಗಿಲ್ಲ."

"ಕಾಕಾ, ನನ್ನ ಕ್ಷಮಾ ಮಾಡ್ರಿ."

"ಅದು ಆಮೇಲೆ. ಮೊದಲ ಕಾಗದ."

ನಲವತ್ತು ಕೇಬಲ್‌ಗಳನ್ನು ಹೊಸದಾಗಿ ಮಾಡಿಕೊಡಬೇಕಿತ್ತು, ಕಾರ್ಡಿದ್ದವರು ಅವರೊಬ್ಬರೇ. ಕಾಗದ ಬರಲು ಮೂರು ದಿನ ಹಿಡಿಯಿತು. ಬಂದ ಇಂಗ್ಲಿಷ್ ಕಾಗದವನ್ನು ನಾನೇ ಕನ್ನಡದಲ್ಲಿ ಓದಿ ಹೇಳಿದೆ: ಪರೀಕ್ಷಾ ಎಂಜಿನಿಯರ್ ಮಾಡಿದ ತಪ್ಪಿನಿಂದ ಅಳತೆಯ ಉಪಕರಣ ಕೆಟ್ಟಿತ್ತು, ಜೋಡಣೆಗಾರರ ಮೇಲಿನ ಆರೋಪವನ್ನು ಹಿಂತೆಗೆದುಕೊಳ್ಳಲಾಗಿದೆ. ನನ್ನ ಹೆಸರು ಪೂರ್ತಿ ಇತ್ತು, ಹುದ್ದೆಯೊಂದಿಗೆ.

ಕಾಕಾ ಕೇಳಿಸಿಕೊಂಡು ಕಾಗದವನ್ನು ತಿರುವಿ ಹಿಂಬದಿಯನ್ನೂ ನೋಡಿದರು.

"ಇನ್ನೊಂದು ಹೆಸರು ಎಲ್ಲಿ ಅದ, ತಂಗಿ? ನೋಡಲಾರ್ದ ಸಹಿ ಮಾಡಿದ್ರಲ್ಲ, ಅವರದು?"

"ಇಲ್ರಿ."

"ಹಂಗಾರ ನೀವ ಬರೀರಿ. ನಿಮ್ಮ ಕೈ ಅದಕ್ಕ ಛಲೋ ಅದ." ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಜೋಡಣೆಯ ಕೋಣೆಗೆ ಹೋದರು. ನಾನು ಮಾಲೀಕರಿಗೆ ಮೂರನೆಯ ಟಿಪ್ಪಣಿ ಬರೆಯಲು ಕೂತೆ. ಅದಕ್ಕೆ ಈವರೆಗೆ ಉತ್ತರ ಬಂದಿಲ್ಲ. ತಿಂಗಳಿಗೊಂದು ನೆನಪಿನ ಪತ್ರ ಕಳಿಸುತ್ತಿದ್ದೇನೆ. ಕಳಿಸುವ ಮೊದಲು ಪ್ರತಿಯೊಂದನ್ನೂ ಕಾಕಾರಿಗೆ ಓದಿ ತೋರಿಸುತ್ತೇನೆ, ಅವರು ಸರಿ ಎಂದ ಮೇಲೆಯೇ ಸಹಿ ಮಾಡುತ್ತೇನೆ.